ಅಸಿಟೋನ್‌ಗೂ ಬೆಳ್ಳಿ ಕನ್ನಡಿ ಬಂದರೆ: ಆಲ್ಡಿಹೈಡ್–ಕೀಟೋನ್ ಪರೀಕ್ಷೆ ಕೈಕೊಟ್ಟಾಗ ಎಲ್ಲಿ ಹುಡುಕಬೇಕು

ಜುಲೈ ತಿಂಗಳ ಒಂದು ಬೆಳಗ್ಗೆ. ಮಡಿಕೇರಿಯಲ್ಲಿ ನಾಲ್ಕು ದಿನದಿಂದ ಬಿಟ್ಟೂಬಿಡದೆ ಮಳೆ. ಲ್ಯಾಬಿನ ಕಿಟಕಿಯ ಆಚೆ ಮಂಜು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ದ್ವಿತೀಯ ಪಿಯು ಮಕ್ಕಳಿಗೆ ಎರಡು ಬಾಟಲಿ ಕೊಟ್ಟಿದ್ದೆ. ಒಂದಕ್ಕೆ ‘ಎ’ ಅಂತ ಚೀಟಿ, ಇನ್ನೊಂದಕ್ಕೆ ‘ಬಿ’. ‘ಎ’ ಅಂದರೆ ಅಸಿಟೋನ್, ‘ಬಿ’ ಅಂದರೆ ಬೆಂಜಾಲ್ಡಿಹೈಡ್. ಯಾವುದು ಆಲ್ಡಿಹೈಡ್, ಯಾವುದು ಕೀಟೋನ್ ಅಂತ ಕಂಡುಹಿಡಿಯಬೇಕು, ಅಷ್ಟೇ ಕೆಲಸ. ಮುಕ್ಕಾಲು ಗಂಟೆ ಆದ ಮೇಲೆ ಒಬ್ಬಳು ಹುಡುಗಿ ಬಂದು, “ಮೇಡಂ, ಎ ಆಲ್ಡಿಹೈಡ್, ಬಿ ಕೀಟೋನ್” ಅಂದಳು. ಪೂರ್ತಿ ಉಲ್ಟಾ. ಅವಳ ಹಿಂದೆ ಇನ್ನೂ ಮೂರು ಗುಂಪು ಅದೇ ಉತ್ತರ ಹಿಡಿದು ನಿಂತಿದ್ದವು.

ಅವರ ಟೆಸ್ಟ್ ಟ್ಯೂಬ್ ಎತ್ತಿ ನೋಡಿದೆ. ಟಾಲೆನ್ಸ್ ಪರೀಕ್ಷೆಯಲ್ಲಿ ಆಲ್ಡಿಹೈಡ್ ಇದ್ದರೆ ಗಾಜಿಗೆ ಬೆಳ್ಳಿ ಹಿಡಿದು ಕನ್ನಡಿಯಾಗಬೇಕು, ಅಸಿಟೋನ್‌ನಂಥ ಕೀಟೋನ್‌ಗೆ ಆಗಬಾರದು. ಇಲ್ಲಿ ‘ಎ’ ಟ್ಯೂಬಿನ ಗೋಡೆಗೆ ಮಸುಕಾಗಿ ಆದರೂ ಸರಿಯಾಗಿಯೇ ಬೆಳ್ಳಿ ಹಿಡಿದಿತ್ತು. ‘ಬಿ’ ಟ್ಯೂಬಿನಲ್ಲಿ ಏನೂ ಇಲ್ಲ. ತಳದಲ್ಲಿ ಎಣ್ಣೆಯ ಸಣ್ಣ ಗುಂಡು ಕೂತಿತ್ತು, ಮೇಲಿನ ದ್ರಾವಣ ನೀರಿನಂತೆ ತಿಳಿಯಾಗಿತ್ತು. ಮಕ್ಕಳು ಕಂಡದ್ದನ್ನೇ ಬರೆದಿದ್ದರು. ಅವರ ತಪ್ಪು ಒಂದು ಚೂರೂ ಇರಲಿಲ್ಲ.

ಇಂಥ ಹೊತ್ತಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು ಒಂದೇ: ಚೀಟಿ ಅದಲುಬದಲಾಗಿರಬೇಕು. ನನಗೂ ಹಾಗೇ ಅನ್ನಿಸಿತು. ‘ಬಿ’ ಬಾಟಲಿಯ ಬಿರಡೆ ತೆಗೆದು ಕೈಯಿಂದ ಗಾಳಿ ಬೀಸಿ ವಾಸನೆ ನೋಡಿದೆ. ಕಹಿ ಬಾದಾಮಿ. ಅಂದರೆ ಅದು ಬೆಂಜಾಲ್ಡಿಹೈಡೇ. ಚೀಟಿ ಸರಿಯಾಗಿಯೇ ಇತ್ತು. ಆಮೇಲೆ ಗೊತ್ತಾಗಿದ್ದು ಏನೆಂದರೆ ಆ ದಿನ ಎರಡು ಬೇರೆ ಬೇರೆ ದೋಷ ಒಟ್ಟಿಗೆ ಬಂದಿದ್ದವು, ಮತ್ತು ಎರಡೂ ಸೇರಿ ಒಂದೇ ದೋಷದ ಹಾಗೆ ಕಾಣುತ್ತಿದ್ದವು. ಅವನ್ನು ಬಿಡಿಸಿದ ರೀತಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ, ಜೊತೆಗೆ ಇಷ್ಟು ವರ್ಷದಲ್ಲಿ ಈ ಪರೀಕ್ಷೆಗಳು ನಮ್ಮ ಚಳಿ ಊರಿನಲ್ಲಿ ಯಾವ್ಯಾವ ರೀತಿ ಕೈಕೊಡುತ್ತವೆ ಅನ್ನುವುದನ್ನೂ.

ಮೊದಲು ಮೂರು ಟ್ಯೂಬ್

ಅನುಮಾನ ಬಂದ ಕೂಡಲೇ ಗೊತ್ತಿಲ್ಲದ ಸ್ಯಾಂಪಲ್ ಮುಟ್ಟಬೇಡಿ. ಮೂರು ಟ್ಯೂಬ್ ತೆಗೆದುಕೊಳ್ಳಿ. ಒಂದರಲ್ಲಿ ಕಾರಕ (ಪರೀಕ್ಷೆಗೆ ಬಳಸುವ ದ್ರಾವಣ) ಮಾತ್ರ, ಸ್ಯಾಂಪಲ್ ಕರಗಿಸಲು ಆಲ್ಕೋಹಾಲ್ ಬಳಸುವುದಿದ್ದರೆ ಅದೂ ಎರಡು ಹನಿ. ಎರಡನೆಯದರಲ್ಲಿ ಖಂಡಿತ ಕನ್ನಡಿ ಕೊಡುವ ಪದಾರ್ಥ, ಟಾಲೆನ್ಸ್‌ಗಾದರೆ ಗ್ಲೂಕೋಸ್ ದ್ರಾವಣ ಸಾಕು. ಮೂರನೆಯದರಲ್ಲಿ ಸೀಲ್ ಒಡೆಯದ ಬಾಟಲಿಯಿಂದ ಆಗಷ್ಟೇ ತೆಗೆದ ಅಸಿಟೋನ್. ಮೂರನ್ನೂ ಒಂದೇ ವಾಟರ್ ಬಾತಿನಲ್ಲಿ, ಒಂದೇ ಹೊತ್ತಿಗೆ ಇಡಿ.

ಖಾಲಿ ಟ್ಯೂಬಿನಲ್ಲೇ, ಅಂದರೆ ಸ್ಯಾಂಪಲ್ ಇಲ್ಲದ ಮೊದಲನೆಯದರಲ್ಲೇ, ಕಪ್ಪಾದರೆ ದೋಷ ಕಾರಕದಲ್ಲಿ, ಆಲ್ಕೋಹಾಲಿನಲ್ಲಿ ಅಥವಾ ಟ್ಯೂಬಿನ ಕೊಳೆಯಲ್ಲಿ ಇದೆ. ಗ್ಲೂಕೋಸ್‌ಗೂ ಕನ್ನಡಿ ಬರದಿದ್ದರೆ ಕಾರಕ ಸತ್ತಿದೆ ಅಥವಾ ಬಾತ್ ತಣ್ಣಗಿದೆ. ಹೊಸ ಅಸಿಟೋನ್ ಕನ್ನಡಿ ಕೊಡದೆ ಹಳೆಯದು ಮಾತ್ರ ಕೊಟ್ಟರೆ ದೋಷ ಆ ಹಳೆಯ ಬಾಟಲಿಯಲ್ಲೇ ಇದೆ. ಇದಕ್ಕೆ ಹತ್ತು ನಿಮಿಷ ಸಾಕು. ಈ ಹತ್ತು ನಿಮಿಷ ಉಳಿಸಲು ಹೋಗಿ ಇಡೀ ಮಧ್ಯಾಹ್ನ ಕಳೆದುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

ಆ ದಿನ ನಮ್ಮ ಖಾಲಿ ಟ್ಯೂಬ್ ತಿಳಿಯಾಗಿ ಉಳಿಯಿತು, ಗ್ಲೂಕೋಸ್ ಚೆನ್ನಾಗಿ ಹೊಳೆಯಿತು, ಹೊಸ ಅಸಿಟೋನ್ ಸುಮ್ಮನಿತ್ತು. ಕಾರಕ ಸರಿ, ಟ್ಯೂಬ್ ಸರಿ. ‘ಎ’ ಬಾಟಲಿಯಲ್ಲೇ ಏನೋ ಇದೆ.

‘ಎ’ ಬಾಟಲಿಯೊಳಗೆ ಏನಿತ್ತು

ಇದಕ್ಕೆ ಒಂದು ಸುಲಭದ ಉಪಾಯ ಇದೆ, ಯಾವ ಕೆಮಿಕಲ್ಲೂ ಬೇಡ. ಫಿಲ್ಟರ್ ಕಾಗದದ ಮೇಲೆ ‘ಎ’ ಬಾಟಲಿಯಿಂದ ಎರಡು ಹನಿ ಹಾಕಿ, ಬೆಂಕಿಯಿಂದ ದೂರ ಇಟ್ಟು ಕಾದೆ. ಅಸಿಟೋನ್ 56 ಡಿಗ್ರಿಗೇ ಕುದಿಯುವಂಥದ್ದು, ಆ ಚಳಿಯಲ್ಲೂ ಒಂದೆರಡು ನಿಮಿಷಕ್ಕೆ ಆರಿಹೋಯಿತು. ಕಾಗದದ ನಡುವೆ ಒಂದು ಸಣ್ಣ ಜಿಡ್ಡಿನ ಕಲೆ ಉಳಿಯಿತು, ಬೆಳಕಿಗೆ ಹಿಡಿದರೆ ಕಾಣುವಷ್ಟು. ಮೂಗಿನ ಹತ್ತಿರ ತಂದರೆ ಅದೇ ಕಹಿ ಬಾದಾಮಿ ವಾಸನೆ. ಬೆಂಜಾಲ್ಡಿಹೈಡ್ ಕುದಿಯುವುದು 179 ಡಿಗ್ರಿಗೆ, ಹಾಗಾಗಿ ಅಸಿಟೋನ್ ಹೋದ ಮೇಲೂ ಅದು ಅಲ್ಲೇ ಕೂತಿತ್ತು. ಅಸಿಟೋನ್ ಜಾಸ್ತಿ ಇರುವಾಗ ಅದರ ಘಾಟು ಈ ವಾಸನೆಯನ್ನು ಮುಚ್ಚಿಬಿಟ್ಟಿತ್ತು.

ಲ್ಯಾಬ್ ಅಟೆಂಡರ್ ಅಣ್ಣನನ್ನು ಕೇಳಿದೆ. ಹಿಂದಿನ ದಿನ ಡ್ರಾಪರುಗಳ ರಬ್ಬರ್ ಹರಿದಿದ್ದರಿಂದ ಎರಡೂ ಬಾಟಲಿಗೆ ಒಂದೇ ಡ್ರಾಪರ್ ಇಟ್ಟಿದ್ದಾಗಿ ಹೇಳಿದರು. ಇಪ್ಪತ್ತು ಮಕ್ಕಳು ‘ಬಿ’ಯಲ್ಲಿ ಅದ್ದಿ ‘ಎ’ಯಲ್ಲಿ ಅದ್ದಿ ಮಾಡಿದ್ದಾರೆ. ಟಾಲೆನ್ಸ್ ಬಹಳ ಸೂಕ್ಷ್ಮ ಪರೀಕ್ಷೆ, ಡ್ರಾಪರಿನ ಮೂತಿಗೆ ಅಂಟಿದ ಅಷ್ಟೇ ಆಲ್ಡಿಹೈಡ್ ಅದಕ್ಕೆ ಸಾಕು. ಅಂದಿನಿಂದ ನಮ್ಮಲ್ಲಿ ಪ್ರತಿ ಬಾಟಲಿಯ ಕುತ್ತಿಗೆಗೆ ಅದರದ್ದೇ ಡ್ರಾಪರ್ ಅನ್ನು ದಾರದಲ್ಲಿ ಕಟ್ಟಿದ್ದೇವೆ. ನೋಡಲು ಚೆನ್ನಾಗಿಲ್ಲ, ಆದರೆ ಕೆಲಸ ಮಾಡುತ್ತದೆ.

ಒಂದು ಮಾತು. ‘ಎ’ಗೆ ಡಿಎನ್‌ಪಿ (2,4-ಡೈನೈಟ್ರೊಫಿನೈಲ್ ಹೈಡ್ರಜೀನ್) ಪರೀಕ್ಷೆ ಮಾಡಿದ್ದರೆ ಇದು ಸಿಗುತ್ತಿರಲಿಲ್ಲ. ಡಿಎನ್‌ಪಿ ಆಲ್ಡಿಹೈಡ್‌ಗೂ ಕೀಟೋನ್‌ಗೂ ಎರಡಕ್ಕೂ ಹಳದಿ ಅಥವಾ ಕಿತ್ತಳೆ ಗಸಿ ಕೊಡುತ್ತದೆ, ಅಲ್ವಾ. ಒಳಗೆ ಕಾರ್ಬೋನಿಲ್ (ಎರಡರಲ್ಲೂ ಇರುವ C=O ಗುಂಪು) ಇದೆ ಅಂತ ಹೇಳುವುದಷ್ಟೇ ಅದರ ಕೆಲಸ.

‘ಬಿ’ ಯಾಕೆ ಸುಮ್ಮನಿತ್ತು

ಇದು ಹೆಚ್ಚು ತಲೆ ತಿಂದ ಭಾಗ. ಕಾರಣ ಒಂದಲ್ಲ, ಮೂರು.

ಮೊದಲನೆಯದು, ತಳದಲ್ಲಿ ಕೂತಿದ್ದ ಆ ಎಣ್ಣೆಯ ಗುಂಡು. ಬೆಂಜಾಲ್ಡಿಹೈಡ್ ನೀರಿನಲ್ಲಿ ಕರಗುವುದೇ ಅಪರೂಪ. ಕಾರಕ ಪೂರ್ತಿ ನೀರು. ಎರಡೂ ಒಂದನ್ನೊಂದು ಮುಟ್ಟದಿದ್ದರೆ ಏನು ನಡೆಯಬೇಕು? ಸ್ಯಾಂಪಲ್ ಅನ್ನು ಮೊದಲು ನಾಲ್ಕೈದು ಹನಿ ಆಲ್ಕೋಹಾಲಿನಲ್ಲಿ ಕರಗಿಸಿ, ಆಮೇಲೆ ಕಾರಕಕ್ಕೆ ಸೇರಿಸಿ. ಒಂದು ಸಲ ಚೆನ್ನಾಗಿ ಕಲಕಿ. ಬಾತಿಗೆ ಇಟ್ಟ ಮೇಲೆ ಮಾತ್ರ ಅಲ್ಲಾಡಿಸಬೇಡಿ, ಬೆಳ್ಳಿ ಗಾಜಿಗೆ ಹಿಡಿಯುವ ಬದಲು ದ್ರಾವಣದಲ್ಲೇ ಕಪ್ಪು ಪುಡಿಯಾಗಿ ಕೂರುತ್ತದೆ.

ಎರಡನೆಯದು ಬಾತ್. ಗ್ಯಾಸ್ ಮುಗಿದಿತ್ತು, ಮಕ್ಕಳು ಸ್ಪಿರಿಟ್ ಲ್ಯಾಂಪ್ ಮೇಲೆ ದೊಡ್ಡ ಬೀಕರ್ ಇಟ್ಟಿದ್ದರು. ಮುಟ್ಟಿದರೆ ಬೆಚ್ಚಗಿತ್ತು, ಅದಕ್ಕೇ ಎಲ್ಲರೂ ಸಾಕು ಅಂದುಕೊಂಡಿದ್ದರು. ಥರ್ಮಾಮೀಟರ್ ಇಳಿಬಿಟ್ಟರೆ 38 ಡಿಗ್ರಿ. ಬೇಕಿರುವುದು 50ರಿಂದ 60. ಮಳೆಗಾಲದಲ್ಲಿ ನಮ್ಮ ಕೈ ಎಷ್ಟು ತಣ್ಣಗಿರುತ್ತದೆ ಅಂದರೆ 38 ಡಿಗ್ರಿ ನೀರೂ ಬಿಸಿ ಅನ್ನಿಸುತ್ತದೆ. ಕೈಯನ್ನು ನಂಬಬೇಡಿ. ಗ್ಲೂಕೋಸ್ ಅಷ್ಟು ಬಿಸಿಯಲ್ಲೂ ಕನ್ನಡಿ ಕೊಟ್ಟಿತ್ತು, ಬೆಂಜಾಲ್ಡಿಹೈಡ್ ಕೊಡಲಿಲ್ಲ. ಹೋಲಿಸಿ ನೋಡುವ ಪದಾರ್ಥ ಕೂಡ ಸ್ಯಾಂಪಲ್ಲಿನಷ್ಟೇ ಹಠಮಾರಿ ಆಗಿರಬೇಕು ಅನ್ನುವುದು ಆಗ ತಿಳಿಯಿತು. ಈಗ ಗ್ಲೂಕೋಸ್ ಜೊತೆಗೆ ಶುದ್ಧ ಬೆಂಜಾಲ್ಡಿಹೈಡ್‌ನ ಒಂದು ಟ್ಯೂಬನ್ನೂ ಇಡುತ್ತೇನೆ.

ಮೂರನೆಯದು ಬಾಟಲಿಯ ಬಾಯಲ್ಲೇ ಬರೆದಿತ್ತು. ಬಿರಡೆಯ ಸುತ್ತ ಉಪ್ಪು ಅಂಟಿದ ಹಾಗೆ ಬಿಳಿ ಹರಳು. ಬೆಂಜಾಲ್ಡಿಹೈಡ್ ಗಾಳಿಯ ಆಮ್ಲಜನಕದ ಜೊತೆ ತಾನಾಗಿಯೇ ಸೇರಿ ಬೆಂಜೋಯಿಕ್ ಆಮ್ಲ ಆಗುತ್ತದೆ. ಬಾಟಲಿ ಅರ್ಧ ಖಾಲಿ ಇದ್ದಷ್ಟೂ, ಪದೇ ಪದೇ ತೆರೆದಷ್ಟೂ ಇದು ಜಾಸ್ತಿ. ಹೀಗೆ ಆದ ಆಮ್ಲ ಟಾಲೆನ್ಸ್ ಕಾರಕದ ಕ್ಷಾರವನ್ನು ತಿಂದುಹಾಕುತ್ತದೆ, ಆಗ ಇರುವ ಆಲ್ಡಿಹೈಡ್ ಕೂಡ ನಿಧಾನ. ಇದನ್ನು ಗುರುತಿಸಲು ಸೋಡಿಯಂ ಬೈಕಾರ್ಬೊನೇಟ್ ದ್ರಾವಣಕ್ಕೆ ನಾಲ್ಕು ಹನಿ ಸ್ಯಾಂಪಲ್ ಹಾಕಿ. ನೊರೆ ಎದ್ದರೆ ಒಳಗೆ ಆಮ್ಲ ಇದೆ. ನಮ್ಮದು ಸೋಡಾ ಬಾಟಲಿ ತೆರೆದ ಹಾಗೆ ಗುಳುಗುಳು ಅಂತ ಎದ್ದಿತು.

ಹಾಗಂತ ಬಾಟಲಿ ಎಸೆಯಬೇಕಿಲ್ಲ, ತೊಳೆಯಬಹುದು. ಸೆಪರೇಟಿಂಗ್ ಫನಲ್ಲಿಗೆ ಹಾಕಿ, 10% ಸೋಡಿಯಂ ಕಾರ್ಬೊನೇಟ್ ಸೇರಿಸಿ ಮೆಲ್ಲಗೆ ತಿರುಗಿಸಿ. ಒಳಗೆ ಗ್ಯಾಸ್ ಏಳುತ್ತದೆ, ಆಗಾಗ ನಲ್ಲಿ ತೆರೆದು ಬಿಡಬೇಕು, ಇಲ್ಲದಿದ್ದರೆ ಬಿರಡೆ ಹಾರಿ ಮುಖಕ್ಕೆ ಬಡಿಯುತ್ತದೆ. ನೊರೆ ನಿಂತ ಮೇಲೆ ನೀರಿನಿಂದ ತೊಳೆಯಿರಿ. ಇಲ್ಲಿ ಒಂದು ಎಡವಟ್ಟು ಆಗುತ್ತದೆ, ಗಮನಿಸಿ. ಬೆಂಜಾಲ್ಡಿಹೈಡ್ ನೀರಿಗಿಂತ ಒಂದು ಚೂರು ಭಾರ, ಆದರೆ 10% ಕಾರ್ಬೊನೇಟ್ ದ್ರಾವಣಕ್ಕಿಂತ ಹಗುರ. ಅಂದರೆ ಕಾರ್ಬೊನೇಟ್ ಹಾಕಿದಾಗ ಎಣ್ಣೆ ಮೇಲೆ, ನೀರು ಹಾಕಿದಾಗ ಎಣ್ಣೆ ಕೆಳಗೆ. ಇದು ಗೊತ್ತಿಲ್ಲದೆ ಒಮ್ಮೆ ಒಳ್ಳೆ ಪದರವನ್ನೇ ಸಿಂಕಿಗೆ ಬಿಟ್ಟ ಪ್ರಸಂಗ ನಮ್ಮಲ್ಲಿ ನಡೆದಿದೆ. ಅನುಮಾನ ಇದ್ದರೆ ಫನಲ್ಲಿನೊಳಗೆ ಎರಡು ಹನಿ ನೀರು ಬಿಡಿ, ಅದು ಹೋಗಿ ಯಾವ ಪದರದಲ್ಲಿ ಸೇರಿಕೊಳ್ಳುತ್ತದೋ ಅದೇ ನೀರಿನ ಪದರ. ಕೆಲಸ ಮುಗಿಯುವವರೆಗೂ ಎರಡೂ ಪದರವನ್ನು ಬೀಕರಿನಲ್ಲಿ ಇಟ್ಟುಕೊಳ್ಳಿ.

ತೊಳೆದ ಬೆಂಜಾಲ್ಡಿಹೈಡ್, ಐದು ಹನಿ ಆಲ್ಕೋಹಾಲ್, 60 ಡಿಗ್ರಿ ಬಾತ್. ಮೂರೂ ಸೇರಿದ ಮೇಲೆ ಆ ಹುಡುಗಿಯ ಟ್ಯೂಬನ್ನು ನೋಡುತ್ತಾ ನಿಂತೆವು. ಮೊದಲು ದ್ರಾವಣ ಚಹಾದ ಬಣ್ಣಕ್ಕೆ ತಿರುಗಿತು, ಆಮೇಲೆ ತಳದಿಂದ ಒಂದು ಬೂದು ಪೊರೆ ಮೇಲಕ್ಕೆ ಹತ್ತಿತು, ಇದ್ದಕ್ಕಿದ್ದಂತೆ ಟ್ಯೂಬಿನೊಳಗೆ ಕಿಟಕಿಯ ಚೌಕ ಕಾಣಿಸಿತು. ಎಷ್ಟು ಸಲ ನೋಡಿದರೂ ಆ ಗಳಿಗೆ ನನಗೆ ಸಾಕು ಅನ್ನಿಸಿಲ್ಲ.

ಕಾರಕ ಮಾಡುವಾಗಲೇ ಆಗುವ ತಪ್ಪು

ಟಾಲೆನ್ಸ್ ಕಾರಕದ ಹೆಸರು ಜರ್ಮನಿಯ ಬರ್ನ್‌ಹಾರ್ಡ್ ಟಾಲೆನ್ಸ್ (1841–1918) ಅವರಿಂದ ಬಂದದ್ದು. ಮಾಡುವುದು ಸುಲಭ, ಕೆಡಿಸುವುದು ಅದಕ್ಕಿಂತ ಸುಲಭ. 2 ಮಿಲಿ 5% ಸಿಲ್ವರ್ ನೈಟ್ರೇಟ್‌ಗೆ ಒಂದು ಹನಿ 10% ಸೋಡಿಯಂ ಹೈಡ್ರಾಕ್ಸೈಡ್. ಕಾಫಿ ಪುಡಿಯ ಬಣ್ಣದ ಗಸಿ ಬರುತ್ತದೆ, ಅದು ಸಿಲ್ವರ್ ಆಕ್ಸೈಡ್. ಇನ್ನು ದುರ್ಬಲ ಅಮೋನಿಯವನ್ನು ಹನಿ ಹನಿಯಾಗಿ ಹಾಕುತ್ತಾ, ಪ್ರತಿ ಹನಿಗೂ ಕಲಕುತ್ತಾ, ಗಸಿ ಇನ್ನೇನು ಕರಗಿತು ಅನ್ನುವಲ್ಲಿಗೆ ನಿಲ್ಲಿಸಬೇಕು. ಎರಡು ಕಣ ಕರಗದೆ ಉಳಿದರೂ ಪರವಾಗಿಲ್ಲ. ಮಕ್ಕಳು ಸಾಮಾನ್ಯವಾಗಿ ‘ಇನ್ನೂ ಸ್ವಲ್ಪ’ ಅಂತ ಸುರಿಯುತ್ತಾರೆ. ಅಮೋನಿಯ ಜಾಸ್ತಿಯಾದರೆ ಅದು ಬೆಳ್ಳಿಯನ್ನು ಬಿಗಿಯಾಗಿ ಹಿಡಿದುಕೊಂಡುಬಿಡುತ್ತದೆ, ಆಲ್ಡಿಹೈಡ್‌ಗೆ ಬಿಟ್ಟುಕೊಡುವುದಿಲ್ಲ. ಕನ್ನಡಿ ಬರದ ಹತ್ತು ಟ್ಯೂಬಿನಲ್ಲಿ ನಾನು ಮೊದಲು ಮೂಸಿ ನೋಡುವುದು ಇದನ್ನೇ. ಅಮೋನಿಯ ಮೂಗಿಗೆ ಹೊಡೆದರೆ ಆ ಟ್ಯೂಬ್ ಬಿಟ್ಟು ಹೊಸದಾಗಿ ಮಾಡಿ.

ಸಿಲ್ವರ್ ನೈಟ್ರೇಟ್ ಹಾಕಿದ ಕೂಡಲೇ ಹಾಲಿನ ಹಾಗೆ ಬಿಳಿಯಾದರೆ ನೀರಿನಲ್ಲಿ ಕ್ಲೋರೈಡ್ ಇದೆ. ಕರೆಂಟ್ ಇಲ್ಲದ ವಾರದಲ್ಲಿ ಭಟ್ಟಿ ಇಳಿಸಿದ ನೀರು ಮುಗಿದುಹೋಗುತ್ತದೆ, ಯಾರೋ ಕ್ಯಾನಿಗೆ ನಲ್ಲಿ ನೀರು ತುಂಬಿಸಿಡುತ್ತಾರೆ. ಕ್ಯಾನಿನ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟು ನೋಡಿದರೆ ಎರಡು ಸೆಕೆಂಡಿಗೆ ಗೊತ್ತಾಗುತ್ತದೆ.

ಕನ್ನಡಿಯ ಬದಲು ಕಪ್ಪು ಗಸಿ ಬಂದರೆ ಆಲ್ಡಿಹೈಡ್ ಇಲ್ಲ ಅಂತ ಬರೆಯಬೇಡಿ. ಖಾಲಿ ಟ್ಯೂಬ್ ತಿಳಿಯಾಗಿದ್ದರೆ ಕಪ್ಪು ಪುಡಿ ಕೂಡ ಬೆಳ್ಳಿಯೇ. ಗಾಜು ಜಿಡ್ಡಾಗಿದ್ದರಿಂದ ಅಂಟಿಲ್ಲ, ಅಷ್ಟೇ. ಬಿಸಿ ಸೋಡಿಯಂ ಹೈಡ್ರಾಕ್ಸೈಡ್‌ನಿಂದ ತೊಳೆದು, ಭಟ್ಟಿ ನೀರಿನಿಂದ ಎರಡು ಸಲ ತೊಳೆಯಿರಿ. ನೀರು ಗೋಡೆಯ ಮೇಲೆ ಹನಿಹನಿಯಾಗಿ ನಿಲ್ಲದೆ ಒಂದೇ ಹಾಳೆಯಂತೆ ಇಳಿದರೆ ಟ್ಯೂಬ್ ಶುದ್ಧ.

ಫೆಹ್ಲಿಂಗ್: ಇಲ್ಲಿ ದೋಷ ಅಲ್ಲದ್ದನ್ನು ದೋಷ ಅಂದುಕೊಳ್ಳುತ್ತಾರೆ

ಫೆಹ್ಲಿಂಗ್ ಅಂದರೆ ಆಲ್ಡಿಹೈಡ್‌ಗೆ ಮಾಡುವ ಇನ್ನೊಂದು ಪರೀಕ್ಷೆ, ತಾಮ್ರದ ನೀಲಿ ದ್ರಾವಣದ ಜೊತೆ ಬಿಸಿ ಮಾಡಿದಾಗ ಕೆಂಪು ಗಸಿ ಬಂದರೆ ಹೌದು ಅಂತ. ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ, “ಮೇಡಂ, ಟಾಲೆನ್ಸ್ ಬಂತು, ಫೆಹ್ಲಿಂಗ್ ಬರಲಿಲ್ಲ, ಫೆಹ್ಲಿಂಗ್ ಹಾಳಾಗಿದೆಯಾ?” ಹಾಳಾಗಿಲ್ಲ. ಬೆಂಜಾಲ್ಡಿಹೈಡ್ ಫೆಹ್ಲಿಂಗ್‌ಗೆ ಕೆಂಪು ಕೊಡುವುದಿಲ್ಲ. ಟಾರ್ಟರೇಟ್ ಹಿಡಿದಿಟ್ಟ ತಾಮ್ರ ಬೆಳ್ಳಿಯಷ್ಟು ಜೋರಿನ ಉತ್ಕರ್ಷಕ ಅಲ್ಲ, ಮತ್ತು ಆಲ್ಡಿಹೈಡ್ ಗುಂಪು ಬೆಂಜೀನ್ ಉಂಗುರಕ್ಕೆ ನೇರವಾಗಿ ಅಂಟಿದಾಗ ಅದು ಸುಲಭಕ್ಕೆ ಜಗ್ಗುವುದಿಲ್ಲ. ಟಾಲೆನ್ಸ್ ಹೌದು, ಫೆಹ್ಲಿಂಗ್ ಇಲ್ಲ ಅಂದರೆ ಅದು ನಿಮಗೆ ಸಿಕ್ಕ ಸುಳಿವು: ಇದು ಆರೊಮ್ಯಾಟಿಕ್ ಆಲ್ಡಿಹೈಡ್ ಇರಬಹುದು. ಅಸಿಟಾಲ್ಡಿಹೈಡ್‌ನಂಥವು ಎರಡಕ್ಕೂ ಹೌದು ಅನ್ನುತ್ತವೆ.

ನಿಜವಾದ ದೋಷ ಬೇರೆ ಕಡೆ ಇರುತ್ತದೆ. ಫೆಹ್ಲಿಂಗ್ ‘ಎ’ ಅಂದರೆ ಮೈಲುತುತ್ತ, ಅದನ್ನು ಇಲ್ಲಿನ ಕಾಫಿ ತೋಟದವರಿಗೆ ಹೇಳಿಕೊಡಬೇಕಿಲ್ಲ, ಕರಿಮೆಣಸಿಗೆ ಬೋರ್ಡೋ ಹೊಡೆಯುವಾಗ ಕೈಯೆಲ್ಲಾ ನೀಲಿಯಾಗುವುದು ಅದರಿಂದಲೇ. ಫೆಹ್ಲಿಂಗ್ ‘ಬಿ’ ಅಂದರೆ ರೋಷೆಲ್ ಉಪ್ಪು (ಟಾರ್ಟರೇಟ್) ಮತ್ತು ಸೋಡಿಯಂ ಹೈಡ್ರಾಕ್ಸೈಡ್. ಎರಡನ್ನೂ ಬಳಸುವ ಹೊತ್ತಿಗೇ ಸಮ ಸಮ ಬೆರೆಸಬೇಕು. ಬೆರೆಸಿಟ್ಟರೆ ತಾನಾಗಿಯೇ ಕೆಡುತ್ತದೆ, ಆಮೇಲೆ ಖಾಲಿ ಟ್ಯೂಬೇ ಕೆಂಪಾಗುತ್ತದೆ. ಬೆರೆಸಿದಾಗ ಕಡು ನೀಲಿ ತಿಳಿ ದ್ರಾವಣ ಬರಬೇಕು. ತಿಳಿ ನೀಲಿ ಮೊಸರಿನಂತೆ ಗಟ್ಟಿಯಾದರೆ ‘ಬಿ’ ಕಡಿಮೆ ಬಿದ್ದಿದೆ, ಬಿಸಿ ಮಾಡಿದರೆ ಅದು ಕಪ್ಪಾಗುತ್ತದೆ. ಆ ಕಪ್ಪು ಕಾಪರ್ ಆಕ್ಸೈಡ್, ಅದಕ್ಕೂ ಸ್ಯಾಂಪಲ್‌ಗೂ ಸಂಬಂಧ ಇಲ್ಲ.

ಇನ್ನೊಂದು ವಿಷಯ ಪುಸ್ತಕದಲ್ಲಿ ಇರುವುದಿಲ್ಲ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ, ಇಲ್ಲಿ ನೀರು ಕುದಿಯುವುದೇ 96 ಡಿಗ್ರಿ ಆಸುಪಾಸಿಗೆ. ಕುದಿಯುವ ಬಾತಿನಲ್ಲಿ ಇಂತಿಷ್ಟು ನಿಮಿಷ ಅಂತ ಬರೆದಿದ್ದರೆ ಎರಡು ನಿಮಿಷ ಜಾಸ್ತಿ ಕೊಡಿ. ದ್ರಾವಣ ನೀಲಿಯಿಂದ ಹಸಿರಾಗಿ ನಿಂತಿದ್ದರೆ ಗಾಬರಿಯಾಗಬೇಡಿ, ಟ್ಯೂಬನ್ನು ಸ್ಟ್ಯಾಂಡಿನಲ್ಲಿ ಬಿಡಿ. ಕೆಂಪು ಗಸಿ ತಳಕ್ಕೆ ಇಳಿದ ಮೇಲೆ ಕಾಣುತ್ತದೆ. ಮೇಲೆ ಉಳಿದ ನೀಲಿಯೂ ಒಳಗಿನ ಹಳದಿ-ಕೆಂಪೂ ಸೇರಿ ಹಸಿರು ಕಾಣುತ್ತಿರುತ್ತದೆ.

ಜೇನಿನ ವಿಷಯ

ಒಬ್ಬ ಹುಡುಗ ಮನೆಯಿಂದ ತೋಟದ ಜೇನು ತಂದಿದ್ದ. ಜೇನಿನಲ್ಲಿ ಜಾಸ್ತಿ ಇರುವುದು ಫ್ರಕ್ಟೋಸ್ ಮತ್ತು ಗ್ಲೂಕೋಸ್. ಅವನ ಪ್ರಶ್ನೆ ತುಂಬಾ ಒಳ್ಳೆಯದಿತ್ತು: ಫ್ರಕ್ಟೋಸ್ ಕೀಟೋನ್ ಅಂತ ಪಾಠದಲ್ಲಿದೆ, ಹಾಗಿದ್ದರೆ ಶುದ್ಧ ಫ್ರಕ್ಟೋಸ್ ಮಾತ್ರ ತೆಗೆದುಕೊಂಡರೆ ಫೆಹ್ಲಿಂಗ್ ಬರಬಾರದು ಅಲ್ವಾ? ಮಾಡಿ ನೋಡಿದೆವು. ಬಂತು, ಇಟ್ಟಿಗೆ ಕೆಂಪು. ಫ್ರಕ್ಟೋಸ್‌ನಲ್ಲಿ ಕೀಟೋನ್ ಗುಂಪಿನ ಪಕ್ಕದ ಕಾರ್ಬನ್‌ಗೆ ಹೈಡ್ರಾಕ್ಸಿಲ್ ಇದೆ, ಕ್ಷಾರ ಸಿಕ್ಕಿದರೆ ಅದು ಒಳಗೇ ಮಗ್ಗುಲು ಬದಲಿಸಿ ಗ್ಲೂಕೋಸ್, ಮ್ಯಾನೋಸ್ ಆಗುತ್ತದೆ. ಟಾಲೆನ್ಸ್, ಫೆಹ್ಲಿಂಗ್ ಎರಡೂ ಕ್ಷಾರದ ಕಾರಕಗಳು. ಅವು ಕೊಡುವ ಹೌದು ಅನ್ನುವ ಉತ್ತರಕ್ಕೆ ಅರ್ಥ ಸುಲಭವಾಗಿ ಉತ್ಕರ್ಷಣ ಹೊಂದುವ ಏನೋ ಇದೆ ಅಂತ. ಅದು ಆಲ್ಡಿಹೈಡೇ ಅಂತ ಅಲ್ಲ. ಬೆಂಜೋಯಿನ್ ಕೂಡ ಹೀಗೇ ಮಾಡುತ್ತದೆ. ಫಾರ್ಮಿಕ್ ಆಮ್ಲ ಟಾಲೆನ್ಸ್‌ಗೆ ಬೆಳ್ಳಿ ಕೊಡುತ್ತದೆ. ಆದ್ದರಿಂದ ಡಿಎನ್‌ಪಿಗೆ ಇಲ್ಲ ಅಂದ ಪದಾರ್ಥಕ್ಕೆ ಟಾಲೆನ್ಸ್ ಹೌದು ಅಂದರೆ ಆಲ್ಡಿಹೈಡ್ ಅಂತ ಬರೆಯುವ ಮೊದಲು ಒಂದು ಸಲ ನಿಲ್ಲಿ.

ಇದರ ಇನ್ನೊಂದು ಮುಖ ಹೆಚ್ಚಿನವರು ಗಮನಿಸುವುದಿಲ್ಲ. ಟಾಲೆನ್ಸ್ ಬರಲಿಲ್ಲ, ಹಾಗಾಗಿ ಕೀಟೋನ್ ಅಂತ ಬರೆದುಬಿಡುತ್ತಾರೆ. ಬರದಿರಲು ತಣ್ಣನೆ ನೀರಿನಿಂದ ಹಿಡಿದು ಅಮೋನಿಯದವರೆಗೆ ಇಷ್ಟು ಕಾರಣ ಇದೆ ಅಂತ ಈಗ ನೋಡಿದಿರಿ. ಕೀಟೋನ್‌ಗೆ ಅದರದ್ದೇ ಆದ ಹೌದು ಅನ್ನುವ ಪರೀಕ್ಷೆ ಬೇಕು. ಆಗಷ್ಟೇ ಮಾಡಿದ ಸೋಡಿಯಂ ನೈಟ್ರೊಪ್ರಸೈಡ್ ದ್ರಾವಣ, ಜೊತೆಗೆ ಎರಡು ಹನಿ ಸೋಡಿಯಂ ಹೈಡ್ರಾಕ್ಸೈಡ್: ಅಸಿಟೋನ್ ಕಡು ಕೆಂಪು ಕೊಡುತ್ತದೆ. ಮೀಥೈಲ್ ಕೀಟೋನ್‌ಗಳಿಗೆ ಇದು ಚೆನ್ನಾಗಿ ಬರುತ್ತದೆ, ಬೆಂಜೋಫಿನೋನ್‌ಗೆ ಬರುವುದಿಲ್ಲ. ಅಸಿಟಾಲ್ಡಿಹೈಡ್ ಇದಕ್ಕೆ ಕೆಂಪಾಗುತ್ತದೆ, ಹಾಗಾಗಿ ಇದನ್ನೂ ಒಂಟಿಯಾಗಿ ನಂಬುವುದು ಬೇಡ, ಟಾಲೆನ್ಸ್ ಜೊತೆ ಇಟ್ಟು ಓದಿ.

ಷಿಫ್ ಮತ್ತು ಡಿಎನ್‌ಪಿ

ಷಿಫ್ ಕಾರಕ ಅಂದರೆ ಫುಕ್ಸಿನ್ ಬಣ್ಣವನ್ನು ಸಲ್ಫರ್ ಡೈಆಕ್ಸೈಡ್‌ನಿಂದ ಬಣ್ಣ ಹೋಗಿಸಿ ಮಾಡಿದ್ದು. ಆಲ್ಡಿಹೈಡ್ ಬಿದ್ದರೆ ಕೆನ್ನೇರಳೆ. ಕೊಡಗಿನಲ್ಲಿ ಕಕ್ಕಡ ತಿಂಗಳ ಹದಿನೆಂಟಕ್ಕೆ ಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ ಉಂಡವರಿಗೆ ಆ ಬಣ್ಣ ವಿವರಿಸುವುದೇ ಬೇಡ, ಸುಮಾರಾಗಿ ಅದೇ. ಬಿರಡೆ ಸಡಿಲ ಇದ್ದರೆ ಸಲ್ಫರ್ ಡೈಆಕ್ಸೈಡ್ ಹಾರಿಹೋಗಿ ಬಾಟಲಿಯೇ ಗುಲಾಬಿ ಆಗಿರುತ್ತದೆ. ಟ್ಯೂಬಿನಲ್ಲಿ ಕ್ಷಾರ ಉಳಿದಿದ್ದರೂ, ಬಿಸಿ ಮಾಡಿದರೂ ಸುಳ್ಳು ಬಣ್ಣ ಬರುತ್ತದೆ. ಹಾಗಾಗಿ ಫೆಹ್ಲಿಂಗ್ ಮಾಡಿದ ಟ್ಯೂಬನ್ನು ಸುಮ್ನೆ ಅಲುಬಿ ಷಿಫ್‌ಗೆ ಬಳಸಬೇಡಿ. ಅಸಿಟೋನ್ ಕೂಡ ತುಂಬಾ ಹೊತ್ತು ಬಿಟ್ಟರೆ ತೆಳು ಗುಲಾಬಿ ಆಗುತ್ತದೆ, ಅದಕ್ಕೇ ಒಂದೆರಡು ನಿಮಿಷದಲ್ಲಿ ಓದಿಬಿಡಿ. ಷಿಫ್ ಸರಿಯಿದೆಯಾ ಅಂತ ನೋಡಲು ಗ್ಲೂಕೋಸ್ ಬಳಸಬೇಡಿ. ಗ್ಲೂಕೋಸ್ ಬಹುಪಾಲು ಉಂಗುರವಾಗಿ ಮುಚ್ಚಿಕೊಂಡಿರುತ್ತದೆ, ಷಿಫ್‌ಗೆ ಬಣ್ಣ ಕೊಡುವುದಿಲ್ಲ. ಇದು ಗೊತ್ತಿಲ್ಲದೆ ಚೆನ್ನಾಗಿರುವ ಬಾಟಲಿಯನ್ನೇ ಎಸೆಯುತ್ತಾರೆ. ನೀರು ಬೆರೆಸಿದ ಫಾರ್ಮಲಿನ್ ಒಂದು ಹನಿ ಸಾಕು.

ಡಿಎನ್‌ಪಿಯಲ್ಲಿ ನಮ್ಮ ಊರಿನ ದೋಷ ಒಂದೇ, ಚಳಿ. ಬಾಟಲಿಯಲ್ಲೇ ಕಾರಕ ಹರಳುಗಟ್ಟಿ ತಳದಲ್ಲಿ ಕಿತ್ತಳೆ ಪುಡಿ ಕೂತಿರುತ್ತದೆ. ಮೇಲಿನ ತಿಳಿ ಮಾತ್ರ ತೆಗೆದುಕೊಳ್ಳಿ. ಟ್ಯೂಬ್ ಒದ್ದೆ ಇದ್ದರೆ ನೀರಿಗೇ ಕಾರಕ ಗಸಿಯಾಗುತ್ತದೆ, ಮಕ್ಕಳು ಕಾರ್ಬೋನಿಲ್ ಅಂತ ಬರೆಯುತ್ತಾರೆ. ಖಾಲಿ ಟ್ಯೂಬ್ ಇಟ್ಟಿದ್ದರೆ ಇದು ಅಲ್ಲೇ ಸಿಕ್ಕಿಬೀಳುತ್ತದೆ. ಬಾಟಲಿಯ ಬಾಯಲ್ಲಿ ಒಣಗಿದ ಪುಡಿ ಕಂಡರೆ ಬಿರಡೆ ತಿರುಚಬೇಡಿ, ಒಣಗಿದ ಡಿಎನ್‌ಪಿ ಉಜ್ಜಿದರೆ ಸಿಡಿಯಬಹುದು.

ಚಳಿಯ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಅಸಿಟೋಫಿನೋನ್ ಕರಗುವುದು 20 ಡಿಗ್ರಿಗೆ. ಡಿಸೆಂಬರ್, ಜನವರಿ ಬೆಳಗ್ಗೆ ಬಾಟಲಿ ತೆರೆದರೆ ಒಳಗೆ ಮೇಣದಂತೆ ಗಟ್ಟಿ. ಒಬ್ಬ ಹುಡುಗ ಘನ ಪದಾರ್ಥ ಅಂತ ಶುರುಮಾಡಿ ಕೊನೆಗೆ ಬೆಂಜೋಫಿನೋನ್ ಅಂತ ಬರೆದಿದ್ದ. ಬೆಂಜೋಫಿನೋನ್ ಕರಗಲು 48 ಡಿಗ್ರಿ ಬೇಕು. ಮುಚ್ಚಿದ ಬಾಟಲಿಯನ್ನು ಎರಡು ಅಂಗೈ ನಡುವೆ ಹಿಡಿದುಕೊಳ್ಳಿ. ಅಂಚಿನಲ್ಲಿ ನೀರಾದರೆ ಅದು ಅಸಿಟೋಫಿನೋನ್. ಫಾರ್ಮಲಿನ್ ಕೂಡ ಚಳಿಗೆ ಮೋಡ ಕಟ್ಟಿ ತಳದಲ್ಲಿ ಬಿಳಿ ಕೂರುತ್ತದೆ, ಅದು ಪ್ಯಾರಾಫಾರ್ಮಾಲ್ಡಿಹೈಡ್. ಮೇಲಿನ ದ್ರಾವಣ ಅಷ್ಟರಮಟ್ಟಿಗೆ ತೆಳುವಾಗಿರುತ್ತದೆ.

ಮಳೆ ರಜೆ ಮತ್ತು ಟಾಲೆನ್ಸ್

ಇದನ್ನು ಎಲ್ಲಕ್ಕಿಂತ ಗಮನ ಕೊಟ್ಟು ಓದಿ. ನಮ್ಮ ಜಿಲ್ಲೆಯಲ್ಲಿ ಜುಲೈ, ಆಗಸ್ಟ್‌ನಲ್ಲಿ ಇದ್ದಕ್ಕಿದ್ದಂತೆ ಮಳೆ ರಜೆ ಘೋಷಣೆ ಆಗುತ್ತದೆ. ಮಕ್ಕಳು ಬಸ್ ಹಿಡಿಯಲು ಓಡುತ್ತಾರೆ, ಟ್ಯೂಬುಗಳು ಸ್ಟ್ಯಾಂಡಿನಲ್ಲೇ ಉಳಿಯುತ್ತವೆ. ಒಂದು ಸಲ ಮೂರು ದಿನ ಬಿಟ್ಟು ಬಂದು ಬೀಗ ತೆಗೆದಾಗ ಟಾಲೆನ್ಸ್ ಕಾರಕದ ಎಂಟು ಟ್ಯೂಬ್ ಸಾಲಾಗಿ ನಿಂತಿದ್ದವು, ಗೋಡೆಗೆ ಕಪ್ಪು ಅಂಟಿತ್ತು. ನನ್ನ ಎದೆ ಧಸಕ್ ಅಂದಿತು. ಅಮೋನಿಯ ಬೆರೆತ ಬೆಳ್ಳಿ ದ್ರಾವಣ ಇಟ್ಟಷ್ಟೂ ಸಿಲ್ವರ್ ನೈಟ್ರೈಡ್ ಆಗುತ್ತದೆ, ಒಣಗಿದರೆ ಸುಮ್ನೆ ಅಲುಗಿಸಿದರೂ ಸ್ಫೋಟ ಆಗಬಹುದು. ನಮ್ಮ ಅದೃಷ್ಟಕ್ಕೆ ಆ ವಾರದ ತೇವದಲ್ಲಿ ಯಾವುದೂ ಒಣಗಿರಲಿಲ್ಲ. ಮಕ್ಕಳನ್ನು ಹೊರಗೇ ನಿಲ್ಲಿಸಿ, ಕನ್ನಡಕ ಹಾಕಿಕೊಂಡು, ಟ್ಯೂಬ್ ಎತ್ತದೆ ನಿಂತಲ್ಲಿಗೇ ಡ್ರಾಪರಿನಿಂದ ದುರ್ಬಲ ನೈಟ್ರಿಕ್ ಆಮ್ಲ ಹಾಕಿದೆ. ಒಣಗಿದ್ದರೆ ಅದನ್ನೂ ಮಾಡುತ್ತಿರಲಿಲ್ಲ. ಒಣಗಿದ ಕಪ್ಪು ಗಸಿ ಕಂಡರೆ ಮುಟ್ಟಬೇಡಿ, ಕೆರೆಯಬೇಡಿ, ಬಾಗಿಲು ಹಾಕಿ ವಿಭಾಗದ ಹಿರಿಯರಿಗೆ ತಿಳಿಸಿ.

ಅದಕ್ಕೇ ಈಗ ಟಾಲೆನ್ಸ್ ಬಾಟಲಿಯಲ್ಲಿ ಮಾಡಿಡುವುದೇ ಇಲ್ಲ. ಪ್ರತಿ ಗುಂಪೂ ತನಗೆ ಬೇಕಾದ 2 ಮಿಲಿ ತಾನೇ ಮಾಡಿಕೊಳ್ಳುತ್ತದೆ. ಲ್ಯಾಬಿನ ಬಾಗಿಲ ಪಕ್ಕದಲ್ಲಿ ದುರ್ಬಲ ನೈಟ್ರಿಕ್ ಆಮ್ಲದ ಒಂದು ದೊಡ್ಡ ಬೀಕರ್ ಇರುತ್ತದೆ, ಬಸ್ ತಪ್ಪಿದರೂ ಸರಿ, ಟ್ಯೂಬನ್ನು ಅದರೊಳಗೆ ಸುರಿದೇ ಹೊರಗೆ ಹೋಗಬೇಕು. ಸಂಜೆ ಅಟೆಂಡರ್ ಅಣ್ಣ ಅದಕ್ಕೆ ಉಪ್ಪಿನ ನೀರು ಹಾಕುತ್ತಾರೆ. ಮೊಸರಿನಂತೆ ಬಿಳಿ ಗಸಿ ಇಳಿಯುತ್ತದೆ, ಅದು ಸಿಲ್ವರ್ ಕ್ಲೋರೈಡ್. ಮರುದಿನ ಮೇಲಿನ ತಿಳಿ ನೀರು ಬಸಿದು, ಗಸಿಯನ್ನು ಕಂದು ಬಾಟಲಿಗೆ ತುಂಬಿ, ‘ಬೆಳ್ಳಿ’ ಅಂತ ಚೀಟಿ ಅಂಟಿಸಿ ಮೇಲಿನ ಕಪಾಟಿನಲ್ಲಿ ಇಡುತ್ತೇವೆ.